ಸುಗ್ಗ್ಯಾಗ ಕೊಂಡು ಹುಳ ಬೀಳದಂಗ ಇಟ್ರ ಖರ್ಚು ಉಳೀತದ

ಮನಿ ಖರ್ಚು ಕಡಿಮಿ ಮಾಡ್ಬೇಕಂದ್ರ ಈಗಿನ ಹುಡುಗ್ಯಾರು ಮೊದ್ಲು ಮೊಬೈಲ್ನ್ಯಾಗ ಆಫರ್ ಎಲ್ಲೆಲ್ಲಿ ಅದಾವ ಅಂತ ನೋಡ್ತಾರ. ನೋಡ್ರವ್ವ, ನಾ ಬ್ಯಾಡ ಅನ್ನಂಗಿಲ್ಲ. ಆದ್ರ ನಮ್ಮ ಸಿಂಧನೂರು, ಗಂಗಾವತಿ, ಮಾನ್ವಿ ಕಡಿ ಇರೋರಿಗೆ ಸುಗ್ಗಿಗಿಂತ ದೊಡ್ಡ ಆಫರ್ ಇನ್ನೊಂದಿಲ್ಲ. ಹೊಸ ತೊಗರಿ ಜನವರಿ ಹಿಂದಾಮುಂದ ಬರ್ತದ, ಹಿಂಗಾರಿ ಜೋಳ ಫೆಬ್ರವರಿ ಮಾರ್ಚ್‌ನ್ಯಾಗ, ಹುಣಸಿಹಣ್ಣು ಒಣಮೆಣಸಿನಕಾಯಿ ಎಲ್ಲಾ ಶಿವರಾತ್ರಿ ಆಸುಪಾಸು. ಆವಾಗ ತಗಂಡು ಇಟ್ರ ಮಳಿಗಾಲದಾಗ ಅರ್ಧ ಕಿಲೊ ಒಂದ್ ಕಿಲೊ ಅಂತ ದುಬಾರಿ ರೇಟಿಗೆ ತರೋದು ತಪ್ತದ. ಒಮ್ಮೆಲೆ ಅಷ್ಟು ರೊಕ್ಕ ಎಲ್ಲಿಂದ ತರಬೇಕು ಅಂತೀರೇನು, ಓಣ್ಯಾಗಿನ ಎರಡು ಮೂರು ಮನ್ಯಾರು ಕೂಡಿ ಒಂದು ಚೀಲ ತರ್ರಿ, ಹಂಚ್ಕೋರಿ, ಹಮಾಲಿ ಆಟೋ ಖರ್ಚೂ ಹಂಚಿಹೋಗ್ತದ.

ಕೊಳ್ಳೋದು ಸುಲಭ, ಇಡೋದ್ರಾಗ ಅದ ಕೆಲಸ. ಜೋಳ ತಂದ ಕೂಡ್ಲೆ ಡ್ರಮ್ಮಿಗೆ ಸುರೀಬ್ಯಾಡ್ರಿ. ಮಾಳಿಗಿ ಮ್ಯಾಲೆ ತೆಳ್ಳಗ ಹರವಿ ಎರಡು ಮೂರು ದಿನ ಖಡಕ್ ಬಿಸಿಲಿಗೆ ಹಾಕ್ರಿ, ನಮ್ಮ ಕಡಿ ಬಿಸಿಲಿಗೇನು ಬರ ಇಲ್ಲ ಬಿಡ್ರಿ. ಒಂದು ಕಾಳು ಹಲ್ಲಾಗ ಕಡದ್ರ ಕಟ್ ಅಂತ ಸಪ್ಪಳ ಬರಬೇಕು, ಮೆತ್ತಗ ಒಡದ್ರ ಇನ್ನೂ ಒಣಗಿಲ್ಲ. ಆಮ್ಯಾಲೆ ನೆಳ್ಳಿಗೆ ತಂದು ಪೂರಾ ಆರಿಸಿ ತುಂಬ್ರಿ, ಬಿಸಿ ಇದ್ದಾಗ ತುಂಬಿ ಮುಚ್ಚಳ ಹಾಕಿದ್ರ ಒಳಗ ಬೆವತು ಅದೇ ಹಸಿಗೆ ಹುಳ, ಬೂಷ್ಟು ಎರಡೂ ಬರ್ತಾವ. ಬೇವಿನ ಸೊಪ್ಪು ಹಾಕೋದು ಎಲ್ಲಾರಿಗೂ ಗೊತ್ತದ, ಆದ್ರ ಹಸಿ ಸೊಪ್ಪು ಹಾಕ್ತಾರ ನೋಡ್ರಿ ಅದೇ ತಪ್ಪು, ನೆಳ್ಳಾಗ ಒಣಗಿಸಿದ್ದು ಇರಬೇಕು, ಕೆಳಗ ಒಂದು ಪದರ, ನಡುವ ಒಂದು, ಮ್ಯಾಲೆ ಒಂದು. ತೊಗರಿಬ್ಯಾಳಿಗೆ ಔಡಲೆಣ್ಣಿ. ಕಿಲೊಕ್ಕ ಒಂದು ಸಣ್ಣ ಚಮಚ ಸಾಕು, ಕೈಲೆ ಚೊಲೋತ್ನಾಗ ತಿಕ್ಕಿ ಇಟ್ರ ಹುಳ ತತ್ತಿ ಇಡಂಗಿಲ್ಲ, ಅಡಿಗಿ ಮಾಡೋ ಮುಂದ ಬಿಸಿನೀರಾಗ ತೊಳದ್ರ ವಾಸನಿ ಹೋಗ್ತದ. ಶೇಂಗಾ ಮಾತ್ರ ಬಹಳ ದಿನ ಇಡಬ್ಯಾಡ್ರಿ. ಬೂಷ್ಟು ಬಂದಿದ್ದು, ಕಹಿ ಆಗಿದ್ದು ಹುರದ್ರ ಸರಿ ಹೋಗ್ತದ ಅಂತ ಹಿಂಡಿ ಕುಟ್ಟೋರು ಅದಾರ. ಬೂಷ್ಟಿನಿಂದ ಆಗೋ ವಿಷ ಹುರದ್ರ ಪೂರಾ ಹೋಗಂಗಿಲ್ಲ, ಚೆಲ್ಲಿಬಿಡ್ರಿ.

ಜೋಳದ ಹಿಟ್ಟು ತಿಂಗಳಿಗಾಗೋಷ್ಟು ಒಮ್ಮೆಲೆ ಬೀಸಿಸಬ್ಯಾಡ್ರಿ. ಹಳೆ ಹಿಟ್ಟು ಜಿಗಿ ಕಳಕೊಳ್ತದ, ರೊಟ್ಟಿ ಬಡಿಯೋ ಮುಂದ ಅಂಚು ಸೀಳ್ತದ, ರುಚಿನೂ ಕಹಿ. ಎಂಟು ಹತ್ತು ದಿನಕ್ಕ ಎಷ್ಟು ಬೇಕೋ ಅಷ್ಟೇ ಗಿರಣಿಗೆ ಕಳಿಸ್ರಿ. ಈಗಾಗ್ಲೆ ಹಳೇದು ಉಳದಿದ್ರ ಎಸರು ಕುದಿ ಕುದಿ ಇದ್ದಾಗ್ಲೇ ಹಾಕಿ ಕಟಗಿಲೆ ಕೂಡಿಸಿ, ಆಮ್ಯಾಲೆ ನಾದ್ರಿ, ಸುಮಾರಾಗಿ ಬರ್ತದ. 2023 ಸಿರಿಧಾನ್ಯ ವರ್ಷ ಅಂತ ವಿಶ್ವಸಂಸ್ಥೆಯವ್ರು ಹೇಳಿದ್ ಮ್ಯಾಲೆ ಇದೇ ಜೋಳ ಬಣ್ಣದ ಪಾಕೀಟಿನ್ಯಾಗ ಮಾಲ್‌ಗೆ ಹೋಗಿ ಕುಂತದ, ರೇಟ್ ಕೇಳಿದ್ರ ನಗಿ ಬರ್ತದ.

ನುಚ್ಚಕ್ಕಿ ಬಗ್ಗೆ ಜನಕ್ಕ ಯಾಕೋ ಒಂಥರಾ ಸಂಕೋಚ. ತುಂಗಭದ್ರಾ ಡ್ಯಾಮ್ 1953ರಾಗ ಆಯ್ತು, ಎಡದಂಡಿ ಕಾಲುವಿ ನೀರು ಬಂದು ಭತ್ತ ಬೆಳೆಯಾಕ ಹತ್ತಿದ್ರು, ಅದಕ್ಕೂ ಮೊದ್ಲು ಅನ್ನ ಅಂದ್ರ ಹಬ್ಬದ ಊಟ. ಈಗ ಕಾರಟಗಿ, ಗಂಗಾವತಿ, ಸಿಂಧನೂರಾಗ ಎಲ್ಲಿ ನೋಡಿದ್ರೂ ರೈಸ್ ಮಿಲ್, ಅಲ್ಲಿ ನುಚ್ಚು ಪೂರಾ ಅಕ್ಕಿಗಿಂತ ಎಷ್ಟೋ ಅಗ್ಗ. ರುಬ್ಬೋದಕ್ಕ ಇಡೀ ಅಕ್ಕಿ ಯಾಕ ಬೇಕು ಹೇಳ್ರಿ? ದ್ವಾಸಿಗೆ ನಾಕು ಪಾಲು ನುಚ್ಚು, ಒಂದು ಪಾಲು ಉದ್ದಿನಬ್ಯಾಳಿ, ಒಂದು ಚಮಚ ಮೆಂತೆ, ಇಡ್ಲಿಗಾದ್ರ ಮೂರಕ್ಕ ಒಂದು. ಬ್ಯಾಸಗ್ಯಾಗ ಹಿಟ್ಟು ಐದಾರು ತಾಸಿಗೇ ಉಬ್ಬಿ ಬರ್ತದ, ರಾತ್ರಿಪೂರಾ ಇಟ್ರ ಹುಳಿ ಅಂದ್ರ ಹುಳಿ. ಸಂಡಿಗಿಗೂ ನುಚ್ಚೇ ಚೊಲೋ.

ಪುಂಡಿಪಲ್ಯ ಬಡವರ ಊಟ ಅಂತಾರ, ನಾನಂತೂ ಯಾವ ಪನೀರಿಗೂ ಅದನ್ನ ಬಿಟ್ಟುಕೊಡಂಗಿಲ್ಲ. ಎರಡು ಸೂಡು ಪುಂಡಿ, ಒಂದು ಹಿಡಿ ತೊಗರಿಬ್ಯಾಳಿ, ಒಂದು ಹಿಡಿ ಜೋಳದ ನುಚ್ಚು, ಹಸಿಮೆಣಸಿನಕಾಯಿ, ಇಷ್ಟೇ. ಬ್ಯಾಳಿ ನುಚ್ಚು ಅರ್ಧ ಬೆಂದ ಮ್ಯಾಲೆ ಸೊಪ್ಪು ಹಾಕ್ರಿ, ಮೊದ್ಲೇ ಹಾಕಿದ್ರ ಹುಳಿಗೆ ಬ್ಯಾಳಿ ಬೇಯಂಗಿಲ್ಲ. ಬೆಂದ ಮ್ಯಾಲೆ ಕಡಗೋಲಿಲೆ ಮಸದು, ಶೇಂಗಾ ಎಣ್ಯಾಗ ಜಜ್ಜಿದ ಬಳ್ಳೊಳ್ಳಿ ಕೆಂಪಗಾಗೋಮಟ ಹುರದು ಮ್ಯಾಲೆ ಸುರೀರಿ, ಮನಿಮಂದಿ ಎಲ್ಲಾ ತಾವಾಗೇ ಅಡಿಗಿಮನಿಗೆ ಬರ್ತಾರ. ಹುಣಸಿಹಣ್ಣಿನ ಖರ್ಚಿಲ್ಲ, ಹುಳಿ ಇರೋದಕ್ಕ ಮರುದಿನಕ್ಕೂ ಕೆಡಂಗಿಲ್ಲ, ಒಮ್ಮೆ ಕುದಿಸಿ ಇಟ್ರಾತು. ಅಲ್ಯೂಮಿನಿಯಂ ಬೋಗುಣ್ಯಾಗ ಮಾತ್ರ ಇಡಬ್ಯಾಡ್ರಿ, ಹುಳಿಗೆ ಅದು ಬಿಟ್ಕೊಳ್ತದ, ಸ್ಟೀಲ್ ಇಲ್ಲಾ ಮಣ್ಣಿನ ಗಡಿಗಿ. ಉಳಿದ ರೊಟ್ಟಿ ಮುರದು ನೀರು ಚಿಮುಕಿಸಿ ಉಳ್ಳಾಗಡ್ಡಿ ಒಗ್ಗರಣಿ ಹಾಕ್ರಿ, ಇಲ್ಲಾ ಪುಡಿ ಮಾಡಿ ಬೆಲ್ಲ, ಪುಟಾಣಿ, ಯಾಲಕ್ಕಿ ಕೂಡಿಸಿದ್ರ ಮಾದ್ಲಿ ಥರಾ ಆಗ್ತದ, ಹುಡುಗ್ರು ಬಿಸ್ಕೀಟ್ ಕೇಳಂಗಿಲ್ಲ.

ನೀರಿನ ವಿಷಯದಾಗ ಜಿಪುಣತನ ಬ್ಯಾಡ. ನಮ್ಮ ರಾಯಚೂರು ಕೊಪ್ಪಳ ಜಿಲ್ಲಾದಾಗ ಭಾಳ ಊರಿನ ಬೋರ್ ನೀರಾಗ ಫ್ಲೋರೈಡ್ ಅದ, ಕುದಿಸಿದ್ರ ಅದು ಹೋಗಂಗಿಲ್ಲ, ನೀರು ಆವಿಯಾಗಿ ಉಳದದ್ರಾಗ ಇನ್ನಷ್ಟು ಗಟ್ಟಿ ಆಗ್ತದ. ಕುಡ್ಯಾಕ, ಅಡಿಗಿಗೆ ಊರಾಗಿನ ಶುದ್ಧ ನೀರಿನ ಘಟಕದ ನೀರೇ ತರ್ರಿ. ಮನ್ಯಾಗ ಆರ್‌ಓ ಇದ್ರ ಅದ್ರಿಂದ ಹೊರಗ ಹೋಗೋ ನೀರು ಬಕೀಟಿಗೆ ಹಿಡದು ಬಾಂಡೆ ತಿಕ್ಕಾಕ, ನೆಲ ಒರಸಾಕ ಬಳಸ್ರಿ. ಬೋರ್ ನೀರಿಗೆ ಪಾತ್ರಿ ಒಳಗ ಬೆಳ್ಳಗ ಕಟ್ಟಿರ್ತದಲ್ಲ, ರಸ ಹಿಂಡಿದ ಹುಣಸಿ ಚರಟ ನೀರಾಗ ಹಾಕಿ ಕುದಿಸಿ ಒಂದು ತಾಸು ಬಿಟ್ರ ಬಿಡ್ತದ. ಅದೇ ಚರಟಕ್ಕ ಉಪ್ಪು ಹಚ್ಚಿ ತಾಮ್ರದ ಕೊಡ ತಿಕ್ರಿ. ಪೌಡರ್ ಯಾಕ?

ಹಳೆ ಸೀರಿ ಕೊಟ್ಟು ಪ್ಲಾಸ್ಟಿಕ್ ಬುಟ್ಟಿ ತಗೊಳ್ಳೋರಿಗೆ ನನ್ನ ಮಾತು ಒಂದೇ, ಕಾಟನ್ ಸೀರಿ ಕೊಡಬ್ಯಾಡ್ರಿ. ನಾಕೈದು ಪದರ ಹಾಕಿ ಅಂಚಿನಿಂದ ಒಳಗ ಸುತ್ತು ಸುತ್ತಾಗಿ ದಬ್ಬಣದ ದಾರದಾಗ ಹೊಲಕೊಂತ ಹೋದ್ರ ಕೌದಿ. ಮಧ್ಯಾಹ್ನ ಧಾರಾವಾಹಿ ನೋಡಕೊಂತನ ಆಗೋ ಕೆಲಸ, ಚಳಿಗಾಲಕ್ಕ ಹೊದ್ಯಾಕ, ಬ್ಯಾಸಗ್ಯಾಗ ಹಾಸಾಕ. ಸಿಂಥೆಟಿಕ್ ಸೀರಿ ಅದ್ರಾಗ ಸೇರಿಸಬ್ಯಾಡ್ರಿ, ಬೆವರು ಹೀರಂಗಿಲ್ಲ, ಮೈ ಕಡೀತದ. ಅದನ್ನ ಮಾಳಿಗಿ ಮ್ಯಾಲೆ ಸಂಡಿಗಿ, ಬಾಳಕದ ಮೆಣಸಿನಕಾಯಿ ಒಣಗಸೋ ಮುಂದ ಮ್ಯಾಲೆ ಮುಚ್ಚಾಕ ಇಟ್ಕೋರಿ, ಬಿಸಿಲು ಬೀಳ್ತದ, ಧೂಳು ಬೀಳಂಗಿಲ್ಲ, ಕಾಗಿನೂ ಮುಟ್ಟಂಗಿಲ್ಲ, ನಾಕು ಮೂಲಿಗೆ ಕಲ್ಲು ಇಡೋದು ಮಾತ್ರ ಮರೀಬ್ಯಾಡ್ರಿ.