ಮುಂದೆ ಮೆಡಿಕಲ್ ಓದುವ ಮಕ್ಕಳಿಗೆ ಅಮೆರಿಕದಲ್ಲಿ ಡಿಗ್ರಿ ಕಾಲೇಜು

ಮಗಳೋ ಮಗನೋ ಡಾಕ್ಟರ್ ಆಗಬೇಕು ಅಂದರೆ ಡಿಗ್ರಿಗೆ ದೊಡ್ಡ ಹೆಸರಿನ ಖಾಸಗಿ ಕಾಲೇಜೇ ಬೇಕೆಂದೇನಿಲ್ಲ. ನಿಮ್ಮದೇ ರಾಜ್ಯದ ಸರ್ಕಾರಿ ಯೂನಿವರ್ಸಿಟಿ ಧಾರಾಳ ಸಾಕು. ದುಡ್ಡು ಮೆಡಿಕಲ್‌ಗೆ ಉಳಿಸಿ: 2026ರ ಜುಲೈನಿಂದ ಹೊಸದಾಗಿ ಸೇರುವವರಿಗೆ ಡಿಗ್ರಿ ನಂತರದ ಓದಿಗೆ ಕೇಂದ್ರ ಸರ್ಕಾರ ಕೊಡುತ್ತಿದ್ದ ಗ್ರ್ಯಾಡ್ ಪ್ಲಸ್ ಸಾಲ ಇಲ್ಲ, ಉಳಿದ ಫೆಡರಲ್ (ಕೇಂದ್ರ ಸರ್ಕಾರದ) ಸಾಲಕ್ಕೆ ವರ್ಷಕ್ಕೆ 50,000 ಡಾಲರ್, ಒಟ್ಟು 2 ಲಕ್ಷದ ಮಿತಿ.

ಫೀಸು ಹೋಲಿಸುವಾಗ ಟ್ಯೂಷನ್ ಒಂದನ್ನೇ ನೋಡಬೇಡಿ. ಪ್ರತಿ ಕಾಲೇಜಿನ ವೆಬ್‌ಸೈಟಿನಲ್ಲೂ ನೆಟ್ ಪ್ರೈಸ್ ಕ್ಯಾಲ್ಕುಲೇಟರ್ ಇರುತ್ತೆ, ನೆರವು ಕಳೆದು ನಿಮ್ಮ ಕೈಯಿಂದ ಎಷ್ಟು ಹೋಗುತ್ತೆ ಅಂತ ಅಂದಾಜು ಹೇಳುತ್ತೆ. ಹಾಸ್ಟೆಲ್, ಊಟ ಸೇರಿಸಿ ನಾಲ್ಕು ವರ್ಷದ ಲೆಕ್ಕ ಹಾಕಿ. ಮೆರಿಟ್ ಸ್ಕಾಲರ್‌ಶಿಪ್ ಉಳಿಸಿಕೊಳ್ಳಲು ಎಷ್ಟು ಜಿಪಿಎ (4ಕ್ಕೆ ಲೆಕ್ಕ ಹಾಕುವ ಗ್ರೇಡ್ ಸರಾಸರಿ) ಬೇಕು ಅಂತಲೂ ಕೇಳಿ. ಮೊದಲ ವರ್ಷದ ಕೆಮಿಸ್ಟ್ರಿಯಲ್ಲೇ ಅದು ಕೈ ಬಿಟ್ಟು ಹೋಗೋದುಂಟು.

ಎಲ್ಲರೂ ಎಡವುವುದು ಗ್ರೇಡ್ ವಿಷಯದಲ್ಲಿ. 4 ಕ್ರೆಡಿಟ್‌ನ ಆರ್ಗ್ಯಾನಿಕ್ ಕೆಮಿಸ್ಟ್ರಿಯಲ್ಲಿ ಸಿ ಬಂತು, ಮತ್ತೆ ತಗೊಂಡು ಎ ಬಂತು ಅನ್ನಿ. ಕಾಲೇಜು ಹಳೆಯದನ್ನು ಮನ್ನಾ ಮಾಡಬಹುದು, ಹೆಚ್ಚಿನ ಮೆಡಿಕಲ್ ಸ್ಕೂಲ್‌ಗಳಿಗೆ ಅರ್ಜಿ ಹಾಕುವ ಸಾಮಾನ್ಯ ವ್ಯವಸ್ಥೆಯಾದ ಆಮ್‌ಕಾಸ್ ಮಾಡಲ್ಲ. ಎ ಅಂದರೆ 4, ಸಿ ಅಂದರೆ 2; ಎರಡನ್ನೂ ಸೇರಿಸಿ ಆ 8 ಕ್ರೆಡಿಟ್‌ಗೆ 3.0 ಹಿಡಿಯುತ್ತೆ. ಬಯಾಲಜಿ, ಕೆಮಿಸ್ಟ್ರಿ, ಫಿಸಿಕ್ಸ್, ಗಣಿತದ ಜಿಪಿಎಯನ್ನು ಬೇರೆಯಾಗಿಯೂ ತೋರಿಸುತ್ತೆ. ಹೈಸ್ಕೂಲಿನಲ್ಲೇ ಎಪಿ ಪರೀಕ್ಷೆ ಬರೆದು ಪಡೆದ ಕಾಲೇಜು ಕ್ರೆಡಿಟ್ ನಂಬಿ ಬಯಾಲಜಿ ಪೂರ್ತಿ ಬಿಡಬೇಡಿ. ಕೆಲವು ಮೆಡಿಕಲ್ ಸ್ಕೂಲ್‌ಗಳು ಒಪ್ಪಲ್ಲ, ಅದರ ಮೇಲಿನ ಕೋರ್ಸ್ ಒಂದಾದರೂ ತಗೊಳ್ಳಲಿ.

ಟೆಕ್ಸಸ್‌ನವರಿಗೆ ಅದೃಷ್ಟ, ಅಲ್ಲಿನ ಸರ್ಕಾರಿ ಮೆಡಿಕಲ್ ಸ್ಕೂಲ್‌ಗಳಲ್ಲಿ ಶೇ. 90 ಸೀಟು ರಾಜ್ಯದವರಿಗೇ. ಎಚ್-4 ವೀಸಾದ (ಎಚ್-1ಬಿ ಕೆಲಸದ ವೀಸಾದವರ ಕುಟುಂಬಕ್ಕೆ ಕೊಡುವ ವೀಸಾ) ಮಕ್ಕಳಿದ್ದರೆ ಮಾತ್ರ ಎರಡು ಪ್ರಶ್ನೆ ಮೊದಲೇ ಕೇಳಿ: ರಾಜ್ಯದವರಿಗೆ ಇರುವ ಕಡಿಮೆ ಇನ್-ಸ್ಟೇಟ್ ಫೀಸು ಸಿಗುತ್ತಾ, ಗ್ರೀನ್ ಕಾರ್ಡ್ ಇಲ್ಲದವರನ್ನು ಮೆಡಿಕಲ್ ಸ್ಕೂಲ್ ತಗೊಳ್ಳುತ್ತಾ? ಬಹಳಷ್ಟು ಕಡೆ ಎರಡನೆಯದಕ್ಕೆ ಇಲ್ಲ ಅಂತಾರೆ.