ಸಾವ್ಕಾರ್ರ ಮಾತನ್ನು ಇಂಗ್ಲಿಷಿಗೆ ದಾಟಿಸುವುದು ಹೇಗೆ?

ದಾವಣಗೆರೆ ಎಪಿಎಂಸಿಯ ಒಂದು ದಲಾಲಿ ಅಂಗಡಿಯಲ್ಲಿ ನಾನು ಲೆಕ್ಕ ಬರೆಯುತ್ತೇನೆ. ಮೆಕ್ಕೆಜೋಳದ ಸೀಸನ್ ಶುರುವಾದರೆ ಲೆಕ್ಕಕ್ಕಿಂತ ಮೇಲ್ ಬರೆಯುವ ಕೆಲಸವೇ ಜಾಸ್ತಿ. ನಮ್ಮ ಜೋಳ ತಮಿಳುನಾಡಿನ ನಾಮಕ್ಕಲ್ ಕಡೆಯ ಕೋಳಿ ಆಹಾರದ ಮಿಲ್ಲುಗಳಿಗೆ ಹೋಗುತ್ತದೆ. ಅವರಿಗೆ ಕನ್ನಡ ಬಾರದು, ನಮಗೆ ತಮಿಳು ಬಾರದು. ನಡುವೆ ಇಂಗ್ಲಿಷ್. ಸಾವ್ಕಾರ್ರು ಹೇಳುತ್ತಾರೆ, ನಾನು ಟೈಪ್ ಮಾಡುತ್ತೇನೆ.

ಮೊದಲ ವರ್ಷ ಒಂದು ಸೋಮವಾರ ರಾತ್ರಿ ಅವರು, "ನಾಳೆ ಎರಡು ಲೋಡ್ ಕಳಿಸ್ತೀನಿ ಅಂತ ಅವರಿಗೆ ಬರಿಯಪ್ಪ" ಅಂದರು. ನಾನು ಮಂಗಳವಾರ ಬೆಳಿಗ್ಗೆ ಬರೆದೆ: "ಅವರ್ ಓನರ್ ಸೆಡ್ ಐ ವಿಲ್ ಸೆಂಡ್ ಟೂ ಲೋಡ್ಸ್ ಟುಮಾರೊ." ಆ ಕಡೆಯವರು ಲಾರಿ ಬುಧವಾರ ಹೊರಡುತ್ತದೆ ಅಂದುಕೊಂಡರು. ಅದು ಮಂಗಳವಾರವೇ ಹೊರಟು ಬುಧವಾರ ಅವರ ಗೇಟ್ ಮುಂದೆ ನಿಂತಿತ್ತು. ಇಳಿಸಲು ಹಮಾಲರಿಲ್ಲ. ಒಂದು ದಿನದ ಹಾಲ್ಟಿಂಗ್ ದುಡ್ಡು ನಮ್ಮ ತಲೆಗೆ ಬಂತು. ಆ ಮೇಲ್‌ನಲ್ಲಿ "ಐ" ಅಂದರೆ ಯಾರು ಅನ್ನುವುದೂ ಅವರಿಗೆ ಗೊತ್ತಾಗಿರಲಿಲ್ಲ.

ತಪ್ಪಿನ ಬೇರು ನಮ್ಮ "ಅಂತ"ದಲ್ಲಿದೆ. ಕನ್ನಡದಲ್ಲಿ "ನಾಳೆ ಬರ್ತೀನಿ ಅಂತ ಹೇಳಿದ" ಅಂದರೆ ಹೇಳಿದವನ ಮಾತು ಹಾಗೇ ಉಳಿಯುತ್ತದೆ. ಅವನ "ನಾಳೆ" ನಾಳೆಯೇ, ಅವನ "ನಾನು" ನಾನೇ. "ಅಂತ" ಅನ್ನುವುದು ಚೀಲದ ಬಾಯಿಗೆ ಹಾಕಿದ ಹೊಲಿಗೆ ಇದ್ದಂತೆ. ಒಳಗಿನ ಕಾಳನ್ನು ಅದು ಮುಟ್ಟುವುದಿಲ್ಲ. ಇಂಗ್ಲಿಷಿನ "ದಟ್" ಹಾಗಲ್ಲ. ಅಲ್ಲಿ ಚೀಲ ಬಿಚ್ಚಿ, ವರದಿ ಮಾಡುವವನು ತಾನು ನಿಂತ ಜಾಗದಿಂದ ಮತ್ತೆ ತುಂಬಬೇಕು. ಇದೊಂದು ತಲೆಗೆ ಹೋದರೆ ಮುಕ್ಕಾಲು ಕೆಲಸ ಮುಗಿದ ಹಾಗೆ.

ಹಾಗಾಗಿ ಬರೆಯುವ ಮೊದಲು ಎರಡು ಪ್ರಶ್ನೆ ಕೇಳಿಕೊಳ್ಳಿ. ಈ "ನಾನು" ಯಾರು? ಈ "ನಾಳೆ" ಯಾವತ್ತು? ನನ್ನ ಮೇಲ್ ಹೀಗಿರಬೇಕಿತ್ತು: "ಅವರ್ ಓನರ್ ಸೆಡ್ ದಟ್ ಹಿ ವುಡ್ ಸೆಂಡ್ ಟೂ ಲೋಡ್ಸ್ ಆನ್ ಟ್ಯೂಸ್‌ಡೇ." ವ್ಯಾಪಾರದಲ್ಲಿ "ದ ನೆಕ್ಸ್ಟ್ ಡೇ" ಅನ್ನುವುದಕ್ಕಿಂತ ವಾರದ ಹೆಸರು, ತಾರೀಖು ಹಾಕುವುದೇ ಒಳ್ಳೆಯದು.

ಇನ್ನು ವಿಲ್, ಕ್ಯಾನ್, ಮೇ, ಮಸ್ಟ್. ವ್ಯಾಕರಣದವರು ಇವನ್ನು ಮೋಡಲ್ ಅನ್ನುತ್ತಾರೆ. "ಸೆಡ್" ಅಂತ ಹಿಂದಿನ ಕಾಲದಲ್ಲಿ ಶುರು ಮಾಡಿದರೆ ವಿಲ್ ಹೋಗಿ ವುಡ್, ಕ್ಯಾನ್ ಹೋಗಿ ಕುಡ್, ಮೇ ಹೋಗಿ ಮೈಟ್ ಆಗುತ್ತದೆ. ವುಡ್, ಕುಡ್, ಮೈಟ್, ಶುಡ್ ಮೊದಲೇ ಇದ್ದರೆ ಸಾಮಾನ್ಯವಾಗಿ ಹಾಗೇ ಬಿಡಿ. "ವುಡ್ ಅಂದರೆ ಕಳಿಸ್ತಿದ್ದರು, ಆದರೆ ಕಳಿಸಲಿಲ್ಲ ಅಂತ ಆಗಲ್ವಾ?" ಎಂದು ನಮ್ಮ ಹುಡುಗರು ಕೇಳುತ್ತಾರೆ. ಇಲ್ಲಿ ಹಾಗಾಗುವುದಿಲ್ಲ. ಅದು ಹೇಳಿದ ಹೊತ್ತಿಗೆ ಮುಂದಿನ ಮಾತಾಗಿತ್ತು ಎಂದಷ್ಟೇ ಅರ್ಥ. ಕಳಿಸಿದರೋ ಇಲ್ಲವೋ ಅದು ಹೇಳುವುದಿಲ್ಲ.

ಸಾವ್ಕಾರ್ರು ಪಕ್ಕದಲ್ಲೇ ಕೂತು ಈಗ ಹೇಳುತ್ತಿದ್ದರೆ, "ಹಿ ಸೇಸ್ ಹಿ ವಿಲ್ ಸೆಂಡ್" ಎಂದು ಬರೆದರಾಯಿತು. ವಾಟ್ಸಾಪಿನಲ್ಲಿ ನಾನು ಹೀಗೇ ಬರೆಯುತ್ತೇನೆ. "ಸೇಸ್" ಇದ್ದಾಗ ವಿಲ್ ಬದಲಾಗುವುದಿಲ್ಲ.

ನಿಜವಾದ ಕಷ್ಟ ನಮ್ಮ "ಬಹುದು", "ಬೇಕು"ಗಳದ್ದು. ಸಾವ್ಕಾರ್ರು "ದರ ಇಳೀಬಹುದು" ಅಂದರೆ ಅದು ಅಂದಾಜು: "ಹಿ ಸೆಡ್ ದ ರೇಟ್ ಮೈಟ್ ಫಾಲ್." "ಇನ್ನು ಲೋಡ್ ಮಾಡಬಹುದು" ಅಂದರೆ ಒಪ್ಪಿಗೆ: "ಹಿ ಸೆಡ್ ವಿ ಕುಡ್ ಲೋಡ್." ಇಲ್ಲಿ ಮೈಟ್ ಹಾಕಿದರೆ ಲೋಡ್ ಆಗುತ್ತೋ ಇಲ್ಲವೋ ಅನ್ನುವ ಅನುಮಾನ ಬರುತ್ತದೆ, ಆ ಕಡೆಯವರು ಬೇರೆ ಅಂಗಡಿಗೆ ಫೋನ್ ಮಾಡುತ್ತಾರೆ. "ಬೇಕು" ಕೂಡ ಹಾಗೇ. "ದುಡ್ಡು ಶುಕ್ರವಾರದೊಳಗೆ ಬರಬೇಕು" ಅನ್ನುವುದು ಕಟ್ಟುನಿಟ್ಟು. ಅದಕ್ಕೆ ಮಸ್ಟ್ ಇಟ್ಟರೂ ಸರಿ, ಹ್ಯಾಡ್ ಟು ಮಾಡಿದರೂ ಸರಿ: "ಹಿ ಸೆಡ್ ದ ಪೇಮೆಂಟ್ ಹ್ಯಾಡ್ ಟು ಕಮ್ ಬೈ ಫ್ರೈಡೇ." ಆದರೆ "ಲಾರಿ ಹೊರಟಿರಬೇಕು" ಅನ್ನುವುದು ಊಹೆ. ಅಲ್ಲಿ ಮಸ್ಟ್ ಹಾಗೇ ಉಳಿಯಬೇಕು: "ಹಿ ಸೆಡ್ ದ ಲಾರಿ ಮಸ್ಟ್ ಹ್ಯಾವ್ ಲೆಫ್ಟ್." ಅರ್ಥ ಯಾವುದು ಅಂತ ಅನುಮಾನ ಬಂದರೆ ನಾನು ನಾಚಿಕೆ ಇಲ್ಲದೆ ಸಾವ್ಕಾರ್ರನ್ನೇ ತಿರುಗಿ ಕೇಳುತ್ತೇನೆ. ನೀವೂ ಕೇಳಿ.

ಮುಂದಿನದು, ಮಾತನ್ನು ತರುವ ಕ್ರಿಯಾಪದ. ಎಲ್ಲದಕ್ಕೂ "ಟೋಲ್ಡ್" ಬರೆಯುವ ಚಾಳಿ ನಮ್ಮಲ್ಲಿ ಜಾಸ್ತಿ. ಟೆಲ್ ಇದ್ದರೆ ಯಾರಿಗೆ ಅನ್ನುವುದು ಪಕ್ಕದಲ್ಲೇ ಬರಬೇಕು: "ಹಿ ಟೋಲ್ಡ್ ಮಿ ದಟ್..." ಸೇ ಇದ್ದರೆ "ಸೆಡ್ ಮಿ" ಆಗದು, "ಸೆಡ್ ಟು ಮಿ" ಆಗಬೇಕು. ಮಾತು ಕೊಟ್ಟಿದ್ದರೆ ಪ್ರಾಮಿಸ್: "ದೇ ಪ್ರಾಮಿಸ್ಡ್ ದಟ್ ದೇ ವುಡ್ ಪೇ." ಎಚ್ಚರಿಕೆ ಕೊಟ್ಟಿದ್ದರೆ ವಾರ್ನ್: "ಹಿ ವಾರ್ನ್ಡ್ ದೆಮ್ ದಟ್ ದ ರೇಟ್ ಮೈಟ್ ಗೋ ಅಪ್." ಸರಿಯಾದ ಪದ ಹಾಕಿದರೆ ಹೇಳಿದವರ ದನಿಯೂ ಜೊತೆಗೆ ಹೋಗುತ್ತದೆ.

ಸಜೆಸ್ಟ್ ಬಗ್ಗೆ ಸ್ವಲ್ಪ ನಿಲ್ಲಬೇಕು. "ಹಿ ಸಜೆಸ್ಟೆಡ್ ಮಿ ಟು ಡ್ರೈ ದ ಮೇಜ್" ಎಂದು ನಾನೂ ಎಷ್ಟೋ ಸಲ ಬರೆದಿದ್ದೇನೆ. ತಪ್ಪು. "ಹಿ ಸಜೆಸ್ಟೆಡ್ ದಟ್ ವಿ ಶುಡ್ ಡ್ರೈ ದ ಮೇಜ್" ಅನ್ನಬೇಕು. ಅಮೆರಿಕದವರು ಆ ಶುಡ್ ಬಿಡುತ್ತಾರೆ: "ಸಜೆಸ್ಟೆಡ್ ದಟ್ ಹಿ ಡ್ರೈ ದ ಮೇಜ್." ಅಲ್ಲಿ ಹಿ ಇದ್ದರೂ "ಡ್ರೈಸ್" ಆಗುವುದಿಲ್ಲ. ನಮಗೆ ಶುಡ್ ಇಟ್ಟುಕೊಳ್ಳುವುದೇ ವಾಸಿ, ಗೊಂದಲ ಕಡಿಮೆ. ರೆಕಮೆಂಡ್, ಡಿಮ್ಯಾಂಡ್ ಕೂಡ ಇದೇ ಸಾಲಿನವು. "ಮಿ ಟು" ಬೇಕೇ ಬೇಕು ಅಂದರೆ ಅಡ್ವೈಸ್ ಇದೆ: "ಹಿ ಅಡ್ವೈಸ್ಡ್ ಮಿ ಟು ಡ್ರೈ ಇಟ್."

ಇನ್‌ಸಿಸ್ಟ್‌ನಲ್ಲಿ ಶುಡ್ ಇದೆಯೋ ಇಲ್ಲವೋ ಅನ್ನುವುದರ ಮೇಲೆ ಜಗಳವೇ ನಿಂತಿರುತ್ತದೆ. "ದೇ ಇನ್‌ಸಿಸ್ಟೆಡ್ ದಟ್ ದ ಮಾಯಿಶ್ಚರ್ ವಾಸ್ ಅಬೌವ್ 14" ಅಂದರೆ, ಜೋಳದ ತೇವಾಂಶ ಶೇಕಡಾ 14ಕ್ಕಿಂತ ಜಾಸ್ತಿ ಇತ್ತು ಎಂದು ಅವರು ಪಟ್ಟು ಹಿಡಿದರು. ಅದು ಆಗಿಹೋದ ಲೋಡಿನ ದೂರು. "ದೇ ಇನ್‌ಸಿಸ್ಟೆಡ್ ದಟ್ ದ ಮಾಯಿಶ್ಚರ್ ಶುಡ್ ಬಿ ಬಿಲೋ 14" ಅಂದರೆ, ಮುಂದಿನ ಲೋಡಿಗೆ ಹಾಕಿದ ಷರತ್ತು. ಮೊದಲನೆಯದಕ್ಕೆ ದುಡ್ಡು ಮುರಿಯುತ್ತಾರೆ, ಎರಡನೆಯದಕ್ಕೆ ನಾವು ಜೋಳ ಒಣಗಿಸಬೇಕು.

ಈಗ ಯಾರ್ಡಿನ ದಿನದ ಟೆಂಡರ್ ವ್ಯಾಪಾರ ಮುಗಿದ ಮೇಲೆ ಅಕ್ಕಪಕ್ಕದ ಅಂಗಡಿಯ ಮೂರ್ನಾಲ್ಕು ಹುಡುಗರು ಮಂಡಕ್ಕಿ ಪೊಟ್ಟಣ ಹಿಡಿದು ನಮ್ಮ ಕಟ್ಟೆಗೆ ಬರುತ್ತಾರೆ. ಯಾರ್ಡಿನಲ್ಲಿ ಆ ದಿನ ಕಿವಿಗೆ ಬಿದ್ದ ಒಂದು ಮಾತು ತರಬೇಕು, ಇಂಗ್ಲಿಷಿನಲ್ಲಿ ದಾಟಿಸಬೇಕು. ನಿನ್ನೆ ಒಬ್ಬ ತಂದದ್ದು ಒಬ್ಬ ಡ್ರೈವರಣ್ಣನ ಮಾತು: "ಮಳೆ ಬರಬಹುದು, ತಾಡಪಾಲು ಹಾಕ್ಲೇಬೇಕು, ಇಲ್ಲಾಂದ್ರೆ ನಾನು ಹೊರಡಲ್ಲ." ನಾಲ್ವರೂ ಸೇರಿ ಬಿಡಿಸಿದ್ದು ಹೀಗೆ: "ದ ಡ್ರೈವರ್ ವಾರ್ನ್ಡ್ ಅಸ್ ದಟ್ ಇಟ್ ಮೈಟ್ ರೇನ್, ಇನ್‌ಸಿಸ್ಟೆಡ್ ದಟ್ ವಿ ಶುಡ್ ಕವರ್ ದ ಲೋಡ್, ಅಂಡ್ ಸೆಡ್ ದಟ್ ಅದರ್‌ವೈಸ್ ಹಿ ವುಡ್ ನಾಟ್ ಲೀವ್."