ಗ್ಲಾಸರಿ ಪಕ್ಕಕ್ಕಿಟ್ಟು ರೋಮಿಯೋ ಜೂಲಿಯೆಟ್ ಪಾಠ ಮಾಡಿದೆ

ಗ್ಲಾಸರಿ, ಅಂದರೆ ಕಷ್ಟದ ಪದಗಳ ಅರ್ಥಪಟ್ಟಿ, ಕೊಡದೆ ಡಿಗ್ರಿ ಹುಡುಗರಿಗೆ ಶೇಕ್ಸ್‌ಪಿಯರನ ಈ ನಾಟಕ ಹತ್ತಿಸೋಕಾಗಲ್ಲ ಅಂತ ನಮ್ಮ ಡಿಪಾರ್ಟ್‌ಮೆಂಟಿನಲ್ಲಿ ಎಲ್ಲರೂ ಹೇಳಿದ್ದರು. ಈ ಸಲ ಹತ್ತಿತು. ಇಂಟರ್ನಲ್ಸ್‌ನಲ್ಲಿ ಪುರಾಣದ ಉಲ್ಲೇಖದ ಪ್ರಶ್ನೆಯನ್ನು ಮೊದಲೆಲ್ಲ ನಲವತ್ತರಲ್ಲಿ ನಾಲ್ಕೈದು ಜನ ಮುಟ್ಟುತ್ತಿದ್ದರು, ಈಗ ಇಪ್ಪತ್ತೈದರ ಆಸುಪಾಸು. ಅದಕ್ಕೇ ಬರೆಯುತ್ತಿದ್ದೇನೆ.

ಇದಕ್ಕೆ ಮೊದಲು ದುಡ್ಡು ಸುರಿದಿದ್ದೇ ಜಾಸ್ತಿ. ಟಿಪ್ಪಣಿ ಇರುವ ಮೂರು ಆವೃತ್ತಿ ತರಿಸಿದೆ, ಮೂರೂವರೆ ಸಾವಿರದ ಹತ್ತಿರ ಆಯಿತು. ಹುಡುಗರು ಕೆಳಗಿನ ಟಿಪ್ಪಣಿ ಓದಿ ಮೇಲೆ ಬರುವಷ್ಟರಲ್ಲಿ ಮಾತಿನ ಎಳೆ ತಪ್ಪುತ್ತಿತ್ತು. ಎಡಕ್ಕೆ ಮೂಲ, ಬಲಕ್ಕೆ ಈಗಿನ ಇಂಗ್ಲಿಷ್ ಇರುವ ಪುಸ್ತಕ ಕೊಟ್ಟರೆ ಎಡಗಡೆ ಪುಟ ಯಾರೂ ನೋಡಲಿಲ್ಲ. ಆಮೇಲೆ ಆರುನೂರು ಚಿಲ್ಲರೆ ಪದಗಳ ಪಟ್ಟಿ ಮಾಡಿ ಜೆರಾಕ್ಸ್ ಹಂಚಿದೆ, ಕೈಯಿಂದ ಇನ್ನೊಂದು ಸಾವಿರದೈನೂರು. ಪಟ್ಟಿ ಬಾಯಿಪಾಠ ಆಯಿತು, ದೃಶ್ಯ ಮಾತ್ರ ಅರ್ಥವಾಗಲಿಲ್ಲ.

ಕೊನೆಗೆ ಗೊತ್ತಾಗಿದ್ದು ಇಷ್ಟು. ದೌ, ಪ್ರಿದೀ, ಆನನ್ ತರದ ಹಳೆಯ ಇಂಗ್ಲಿಷ್ ಪದಗಳು ತೊಂದರೆ ಕೊಡುವುದಿಲ್ಲ, ಎರಡು ವಾರದಲ್ಲಿ ಕಿವಿಗೆ ಒಗ್ಗುತ್ತವೆ. ದಾರಿ ತಪ್ಪಿಸುವುದು ನಮಗೆ ಗೊತ್ತಿದೆ ಅನ್ನಿಸುವ ಪದಗಳು. ಜಗಳ ಎಷ್ಟು 'ನೈಸ್' ಆಗಿತ್ತು ಅಂತ ರೋಮಿಯೋನ ಗೆಳೆಯ ಬೆನ್ವೋಲಿಯೊ ರಾಜನಿಗೆ ಹೇಳುತ್ತಾನೆ. ರೋಮಿಯೋಗೆ ತಲುಪದೆ ಉಳಿದ ಕಾಗದ 'ನೈಸ್' ಆಗಿರಲಿಲ್ಲ ಅಂತ ಸನ್ಯಾಸಿ ಫ್ರಯರ್ ಲಾರೆನ್ಸ್ ಐದನೇ ಅಂಕದಲ್ಲಿ ಹೇಳುತ್ತಾನೆ. ಎರಡೂ ಕಡೆ ಅದು ಕ್ಷುಲ್ಲಕ ಅಂತ. ಇದು ತಪ್ಪಿದರೆ ಕಥೆಯ ಎರಡು ತಿರುವು ಕೈತಪ್ಪಿದ ಹಾಗೆ, ಅಲ್ವಾ? ಜೂಲಿಯೆಟ್‌ಳ ದಾಯಾದಿ ಅಣ್ಣ ಟಿಬಾಲ್ಟ್‌ನ 'ಎನ್ವಿಯಸ್' ಇರಿತವೂ ಹಾಗೇ, ಅದು ಹೊಟ್ಟೆಕಿಚ್ಚಲ್ಲ, ಹಗೆ. ಇಂಥ ಮೂವತ್ತು ಪದ ಮಾತ್ರ ಆರಿಸಿ ಬೋರ್ಡಿನ ಮೂಲೆಯಲ್ಲಿ ಬರೆದಿಟ್ಟೆ. ನನ್ನ ಮೂವತ್ತು ಇಲ್ಲಿ ಕೊಡುವುದಿಲ್ಲ, ನೀವೇ ಆರಿಸಿದರೆ ಮಾತ್ರ ಕೆಲಸಕ್ಕೆ ಬರುತ್ತದೆ.

ಪಾಠ ಮಾಡಿದ್ದು ಗಮಕದ ಕ್ರಮದಲ್ಲಿ. ಒಬ್ಬರು ವಾಚನ, ಇನ್ನೊಬ್ಬರು ವ್ಯಾಖ್ಯಾನ. ಕುಮಾರವ್ಯಾಸನನ್ನು ಊರಿನ ಜನ ನಿಘಂಟು ಹಿಡಿದು ಕೇಳಲಿಲ್ಲವಲ್ಲ! ವ್ಯಾಖ್ಯಾನಕ್ಕೆ ಒಂದೇ ನಿಯಮ: ಒಂದು ಉಲ್ಲೇಖ ಹಿಡಿದರೆ ಅದು ಮುಗಿಯುವವರೆಗೂ ಬೆನ್ನು ಹತ್ತಬೇಕು. ಹಳೆಯ ನರಿ ಕಥೆಗಳಲ್ಲಿ ಬೆಕ್ಕಿನ ಹೆಸರು ಟಿಬಾಲ್ಟ್. ಅದಕ್ಕೇ ರೋಮಿಯೋನ ಇನ್ನೊಬ್ಬ ಗೆಳೆಯ ಮರ್ಕ್ಯುಷಿಯೊ ಟಿಬಾಲ್ಟ್‌ನನ್ನು ಬೆಕ್ಕುಗಳ ರಾಜ ಅಂತ ಕೆಣಕಿ, ಒಂಬತ್ತು ಜೀವದಲ್ಲಿ ಒಂದು ಕೊಡು ಅನ್ನುತ್ತಾನೆ. ಅವನಿಂದ ತನಗೆ ಇರಿತ ಬಿದ್ದಾಗ ಬರೀ ಪರಚಿದ ಗಾಯ ಅನ್ನುತ್ತಾನೆ, ಸಾಯುವಾಗ ಬೆಕ್ಕೊಂದು ಮನುಷ್ಯನನ್ನು ಪರಚಿ ಕೊಂದಿತು ಅಂತ ಕೂಗುತ್ತಾನೆ. ಈ ಸಾಲು ಹಿಡಿದು ಓದಿದ ದಿನ ಕ್ಲಾಸಿನಲ್ಲಿ ಯಾರೂ ಗಡಿಯಾರ ನೋಡಲಿಲ್ಲ.

ಮುಂದಿನ ದೃಶ್ಯದಲ್ಲೇ ಫೇಥಾನ್. ರಾತ್ರಿ ಬೇಗ ಬರಲಿ, ಫೇಥಾನ್ ಸೂರ್ಯನ ಕುದುರೆಗಳಿಗೆ ಚಾಟಿ ಬೀಸಲಿ ಅಂತ ಜೂಲಿಯೆಟ್ ಬಯಸುತ್ತಾಳೆ. ಫೇಥಾನ್ ಗ್ರೀಕ್ ಪುರಾಣದ ಸೂರ್ಯನ ಮಗ, ಅಪ್ಪನ ರಥ ಹತ್ತಿ, ಕುದುರೆ ತಡೆಯಲಾಗದೆ, ಸಿಡಿಲು ಬಡಿದು ಸತ್ತ ಹುಡುಗ. ರೋಮಿಯೋ ಆಗಲೇ ಟಿಬಾಲ್ಟ್‌ನನ್ನು ಕೊಂದಿದ್ದಾನೆ, ಅವಳಿಗೆ ಗೊತ್ತಿಲ್ಲ. ಇದನ್ನು ಒಬ್ಬ ಹುಡುಗಿ ನಾನು ಬಾಯಿ ಬಿಡುವ ಮೊದಲೇ ಹೇಳಿಬಿಟ್ಟಳು.

ನಡುವೆ ಸುಮ್ನೆ ಇನ್ನೊಂದು ಪ್ರಯೋಗವನ್ನೂ ಮಾಡಿದೆ, ಪ್ರತಿ ದೇವತೆಗೂ ನಮ್ಮ ಪುರಾಣದಿಂದ ಜೋಡಿ ಹುಡುಕುವುದು. ಕ್ಯುಪಿಡ್‌ಗೆ ಮನ್ಮಥ ಸರಿಹೋದ. ಕನ್ಯತ್ವದ ದೇವತೆ ಡಯಾನಾಗೆ ಯಾರೂ ಸರಿಹೋಗಲಿಲ್ಲ, ಬಿಟ್ಟೆ. ಜೋಡಿ ಹುಡುಕದೆ ಸುಮ್ಮನೆ ವಿವರಿಸಿದ ಲಾಮಸ್ ಹಬ್ಬ ಮಾತ್ರ ಚೆನ್ನಾಗಿ ಕೈಹಿಡಿಯಿತು. ಅದು ಆಗಸ್ಟ್ 1, ಇಂಗ್ಲೆಂಡಿನ ಹೊಸ ಗೋಧಿಯ ಹಬ್ಬ. ಅದಕ್ಕಿನ್ನೂ ಎಷ್ಟು ದಿನ ಅಂತ ದಾದಿ ಕೇಳಿದರೆ, ಎರಡು ವಾರದ ಮೇಲಿದೆ ಅಂತ ಜೂಲಿಯೆಟ್‌ಳ ತಾಯಿ ಹೇಳುತ್ತಾಳೆ, ಅಂದರೆ ಕಥೆ ನಡೆಯುವುದು ಜುಲೈನ ಸೆಕೆಯಲ್ಲಿ. ಬಿಸಿಲಿಗೆ ರಕ್ತ ಕುದಿಯುತ್ತದೆ ಅಂತ ಬೆನ್ವೋಲಿಯೊ ಹೆದರುವುದು ಆಗ ತಾನಾಗಿ ಅರ್ಥವಾಗುತ್ತದೆ.

ಕನಸು ತರುವ ಯಕ್ಷಿಣಿ ಕ್ವೀನ್ ಮ್ಯಾಬ್ ಬಗ್ಗೆ ಮರ್ಕ್ಯುಷಿಯೊ ಆಡುವ ಮಾತಿಗೆ ನನ್ನದು ಬೇರೆ ದಾರಿ, ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ನೀವು ಮಾಡುವುದಾದರೆ ಮೂರನೇ ಅಂಕದಿಂದ ಶುರು ಮಾಡಿ. ಇಂಗ್ಲಿಷಿನಲ್ಲಿ ಹೆಚ್ಚುಕಮ್ಮಿ ಒಂದೇ ತರ ಕೇಳಿಸುವ, ಮೊದಲ ದೃಶ್ಯದ ಕಲ್ಲಿದ್ದಲು, ಕೋಪ, ನೇಣುಗಣ್ಣಿಯ ಶ್ಲೇಷೆಗಳಲ್ಲೇ ಹುಡುಗರು ಸುಸ್ತಾಗುತ್ತಾರೆ, ಅದನ್ನು ಕೊನೆಗೆ ಇಟ್ಟುಕೊಳ್ಳಿ.